ಮುಂಗಡ ಕೊಟ್ಟವರದ್ದೇ ಮುರುಗಲು

ಕುಮಟಾ, ಹೊನ್ನಾವರ ಕಡೆಯ ಹಿತ್ತಲುಗಳಲ್ಲಿ ಮುರುಗಲು (ಕೋಕಂ, ಪುನರ್ಪುಳಿ ಅಂತಲೂ ಕರೆಯುತ್ತಾರೆ) ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಾರಿನ ಹುಳಿಗೆ ಅದರ ಸಿಪ್ಪೆ ಒಣಗಿಸಿ ಮಾರುತ್ತಾರೆ. ಆದರೆ ಅದರ ದರ ನಿಗದಿಯಾಗುವುದು ಹಿಂದಿನ ವರ್ಷದ ಜೂನ್‌ನಲ್ಲಿ. ಮಳೆ ಹಿಡಿದು ಕೂಲಿ ನಿಂತಿರುತ್ತದೆ. ಮಕ್ಕಳಿಗೆ ಪುಸ್ತಕ, ಛತ್ರಿ, ಯೂನಿಫಾರ್ಮ್ ಬೇಕು. ಆಗ ಅಂಗಡಿಯವರು ಕೈಗೆ ದುಡ್ಡು ಕೊಡುತ್ತಾರೆ. ಕಾಗದ ಪತ್ರ ಏನೂ ಇಲ್ಲ. ‘ಬೇಸಿಗೆಯಲ್ಲಿ ಸಿಪ್ಪೆ ನನಗೇ ಹಾಕು’ ಅಂದರೆ ಮುಗಿಯಿತು.

ಈ ಸಾಲಕ್ಕೆ ಬಡ್ಡಿ ಇಲ್ಲ ಅಂತ ಕೊಟ್ಟವರೂ ಹೇಳುತ್ತಾರೆ, ತೆಗೆದುಕೊಂಡವರೂ ಹೇಳುತ್ತಾರೆ. ಬಡ್ಡಿ ಇರುವುದು ದರದಲ್ಲಿ. ಒಣ ಸಿಪ್ಪೆ ತಂದಾಗ ‘ಇನ್ನೂ ಹಸಿ ಇದೆ’ ಅಂತ ತೂಕದಲ್ಲಿ ಒಂದಿಷ್ಟು ಹೋಗುತ್ತದೆ. ‘ಈ ವರ್ಷ ಮಾರ್ಕೆಟ್ ಬಿದ್ದಿದೆ’ ಅಂತ ಇನ್ನೊಂದಿಷ್ಟು. ಬೇರೆ ಅಂಗಡಿಗೆ ಕೊಡುವ ಹಾಗಿಲ್ಲ. ಹಾಗಂತ ಅಂಗಡಿಯವರನ್ನು ರಾಕ್ಷಸರು ಮಾಡಿ ಹೇಳಲು ನನಗೆ ಇಷ್ಟವಿಲ್ಲ. ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಬಾಗಿಲು ತೆಗೆದು ದುಡ್ಡು ಕೊಡುವವರೂ ಅವರೇ. ಬ್ಯಾಂಕ್ ಕೊಡುತ್ತದಾ?

ನಾನು ನಮ್ಮ ಚರ್ಚಿನ ಸೇವಾ ಸಮಿತಿಯ ಲೆಕ್ಕ ನೋಡಿಕೊಳ್ಳುವವಳು. ಈಸ್ಟರ್‌ಗೆ ಮುಂಚಿನ 40 ದಿನ ನಮಗೆ ತಪಸ್ಸುಕಾಲ. ಆಗ ಮನೆಮನೆಯಲ್ಲೂ ಒಂದು ಡಬ್ಬಿ ಇಟ್ಟಿರುತ್ತೇವೆ. ದೊಡ್ಡವರು ಮಾಂಸ ಬಿಟ್ಟು ಉಳಿಸಿದ ದುಡ್ಡು, ಮಕ್ಕಳು ಚಾಕಲೇಟ್ ಬಿಟ್ಟ ದುಡ್ಡು ಅದಕ್ಕೆ ಬೀಳುತ್ತದೆ. (ಮೀನು ಮಾತ್ರ ಯಾರೂ ಬಿಡುವುದಿಲ್ಲ. ಕರಾವಳಿ ಅಲ್ವಾ.) ಆ ದುಡ್ಡಿನಲ್ಲಿ ಜೂನ್‌ನಲ್ಲಿ ಅಕ್ಕಿ, ಛತ್ರಿ, ನೋಟ್‌ಬುಕ್ ಹಂಚುತ್ತಿದ್ದೆವು. ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಮನೆಗಳಿಗೆ. ಹಂಚುವ ಪಟ್ಟಿ ನನ್ನ ಕೈಯಲ್ಲಿತ್ತು. ಅದರಲ್ಲಿದ್ದ ಹೆಂಗಸರಲ್ಲಿ ಸುಮಾರು ಜನ ಮುರುಗಲು ಒಣಗಿಸುವವರು. ಆಗ ನಮ್ಮಲ್ಲಿದ್ದ ಪಾದ್ರಿ ಒಂದು ಪ್ರಶ್ನೆ ಕೇಳಿದರು. ಛತ್ರಿ ಕೊಡುವ ದುಡ್ಡನ್ನೇ ಮುರುಗಲಿಗೆ ಮುಂಗಡ ಅಂತ ಕೊಟ್ಟರೆ ಏನಾಗುತ್ತದೆ?

ಅವರಿಗೆ ಫೇರ್ ಟ್ರೇಡ್, ಅಂದರೆ ಬೆಳೆದವರಿಗೆ, ಮಾಡಿದವರಿಗೆ ನ್ಯಾಯದ ದರ ಕೊಡುವ ವ್ಯಾಪಾರದ ವಿಷಯದಲ್ಲಿ ಸ್ವಲ್ಪ ಹುಚ್ಚು. ಸಭೆಯಲ್ಲಿ ಕಥೆ ಹೇಳುತ್ತಿದ್ದರು. ಅಮೆರಿಕದ ಎಡ್ನಾ ರುತ್ ಬೈಲರ್ ಎಂಬ ಮೆನೊನೈಟ್ ಕ್ರೈಸ್ತ ಪಂಗಡದ ಹೆಂಗಸು 1946ರಲ್ಲಿ ಪೋರ್ಟೊರಿಕೊದ ಬಡ ಹೆಂಗಸರ ಕಸೂತಿ ಕೊಂಡು ತಂದರಂತೆ. ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಮ್ಮ ಸಭೆಯ ಹೆಂಗಸರಿಗೆ, ನೆಂಟರಿಗೆ ಮಾರಿದರಂತೆ. ಅದೇ ಮುಂದೆ ಟೆನ್ ಥೌಸಂಡ್ ವಿಲೇಜಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಮೆಕ್ಸಿಕೊದಲ್ಲಿ ಕಾಫಿ ಬೆಳೆಯುವ ಆದಿವಾಸಿಗಳ ಜೊತೆ ಇದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡರ್ ಹಾಫ್ ಕೂಡ ಬರುತ್ತಿದ್ದರು ಅವರ ಮಾತಿನಲ್ಲಿ. 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬಂದ ಮ್ಯಾಕ್ಸ್ ಹಾವೆಲಾರ್ ಎಂಬ ಫೇರ್ ಟ್ರೇಡ್ ಮುದ್ರೆಯ ಹಿಂದೆ ಇದ್ದವರಲ್ಲಿ ಅವರೊಬ್ಬರು. ಕಥೆಗಳೆಲ್ಲ ಚೆನ್ನಾಗಿದ್ದವು. ನನ್ನ ತಲೆಯಲ್ಲಿ ಕೂತದ್ದು ಮಾತ್ರ ಒಂದು ಒಣ ನಿಯಮ. ವಿಶ್ವ ಫೇರ್ ಟ್ರೇಡ್ ಸಂಸ್ಥೆಯ 10 ತತ್ವಗಳಲ್ಲಿ ಮುಂಗಡದ ಮಾತೂ ಇದೆ. ಕರಕುಶಲ ವಸ್ತು ಮಾಡುವವರು ಕೇಳಿದರೆ ಕೊಳ್ಳುವವರು ಕನಿಷ್ಠ 50% ದುಡ್ಡನ್ನು ಬಡ್ಡಿಯಿಲ್ಲದೆ ಮೊದಲೇ ಕೊಡಬೇಕು. ಲೆಕ್ಕ ಬರೆಯುವವಳಿಗೆ ಇಷ್ಟು ಸಾಕು. ಅಂಗಡಿಯವರು ಮಾಡುವುದೂ ಇದನ್ನೇ. ದರವನ್ನು ಯಾರು ಹೇಳುತ್ತಾರೆ ಅನ್ನುವುದಷ್ಟೇ ವ್ಯತ್ಯಾಸ.

ಸಮಿತಿಯಲ್ಲಿ ಜಗಳವಾಯಿತು. ಸಿಪ್ಪೆ ಮಾಡುವವರಲ್ಲಿ ಹಾಲಕ್ಕಿ, ಮುಕ್ರಿ ಸಮುದಾಯದವರು ಜಾಸ್ತಿ. ನಮ್ಮ ಚರ್ಚಿಗೆ ಬರುವವರು ಕೆಲವರು ಮಾತ್ರ. ‘ನಮ್ಮವರಲ್ಲೇ ಬಡವರಿಲ್ವಾ?’ ಅಂತ ಹಿರಿಯರೊಬ್ಬರು ಕೇಳಿದರು. ಪಾದ್ರಿ ಮುಂದಿನ ಭಾನುವಾರದ ಪ್ರಸಂಗಕ್ಕೆ ಬೈಬಲ್‌ನ ಯಾಕೋಬನ ಪತ್ರದ 5ನೇ ಅಧ್ಯಾಯ ಆರಿಸಿಕೊಂಡರು. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತದೆ ಅನ್ನುವ ಭಾಗ ಅದು. ಪೋಪ್ 13ನೇ ಲಿಯೋ 1891ರಲ್ಲೇ ಹೇಳಿದ್ದನ್ನೂ ನೆನಪಿಸಿದರು. ಕೂಲಿಯವನು ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದರಲ್ಲಿ ಅವನು ಬದುಕುವ ಹಾಗಿರಬೇಕು.

ಪ್ರಸಂಗ ಎಲ್ಲರಿಗೂ ಹಿಡಿಸಿತು. ಆದರೆ ಜಗಳ ಬಗೆಹರಿದದ್ದು ಅದರಿಂದ ಅಲ್ಲ, ಮೀನು ಮಾರುವ ಹೆಂಗಸೊಬ್ಬಳ ಮಾತಿನಿಂದ. ‘ನಮ್ಮ ಹತ್ತು ಮನೆಗೆ ಮಾತ್ರ ಒಳ್ಳೆ ದರ ಕೊಟ್ಟರೆ ಅಂಗಡಿಯವರು ಉಳಿದವರ ಹತ್ತಿರ ಇನ್ನೂ ಕಡಿಮೆಗೆ ಕೊಳ್ತಾರೆ. ಕಡಿಮೆಗೆ ಸಿಗೋದು ಪಕ್ಕದಲ್ಲೇ ಇದ್ದರೆ ನಿಮ್ಮದನ್ನ ಯಾರು ತಗೊಳ್ತಾರೆ?’ ಬಂಗುಡೆ ಮಾರಿ ಕಲಿತ ಲೆಕ್ಕ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮುಂಗಡಕ್ಕಿಂತ ಮೊದಲು ಹಳೆ ಬಾಕಿ ತೀರಬೇಕಿತ್ತು. ಬಾಕಿ ಇಟ್ಟುಕೊಂಡು ನಮಗೆ ಸಿಪ್ಪೆ ಕೊಡಿ ಅಂದರೆ ಆ ಹೆಂಗಸರು ಮಾತು ತಪ್ಪಿದ ಹಾಗಾಗುತ್ತದೆ. ಅವರು ಅದಕ್ಕೆ ಒಪ್ಪುವವರೂ ಅಲ್ಲ. ಹಾಗಾಗಿ ಅವರ ಜೊತೆಗೇ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಪುಸ್ತಕದಲ್ಲಿ ಹೆಸರು ಹೊಡೆಸಿಕೊಂಡು ಬಂದೆವು. ತಪಸ್ಸುಕಾಲದ ದುಡ್ಡು ಎಲ್ಲರಿಗೂ ಸಾಲಲಿಲ್ಲ. ಭಟ್ಕಳ ಕಡೆಯ ನವಾಯತ ಮುಸ್ಲಿಂ ಬಟ್ಟೆ ವ್ಯಾಪಾರಿಯೊಬ್ಬರು ನಮಗೆ ಹಳೆ ಪರಿಚಯ. ಅವರಿಗೆ ವಿಷಯ ಹೇಳಿದೆ. ಸಾಲದಲ್ಲಿ ಮುಳುಗಿದವರು ಝಕಾತ್ (ಕಡ್ಡಾಯ ದಾನ) ಪಡೆಯುವ ಎಂಟು ಬಗೆಯ ಜನರಲ್ಲಿ ಸೇರುತ್ತಾರೆ ಅಂತ ಅವರೇ ಹೇಳಿದರು. ಝಕಾತ್ ಮುಸ್ಲಿಮರಿಗೆ, ಸದಖಾ (ಮನಸ್ಸಿಗೆ ಬಂದು ಕೊಡುವ ದಾನ) ಯಾರಿಗಾದರೂ ಆಗುತ್ತದೆ ಅನ್ನುವುದು ಅವರ ಲೆಕ್ಕ. ಸದಖಾ ಅಂತ ಕೊಟ್ಟರು. ಹೆಸರು ಹೇಳಬೇಡಿ ಅಂದರು, ಹೇಳಿಲ್ಲ.

ದರದ ಸಭೆ ಚರ್ಚಿನ ಹಾಲ್‌ನಲ್ಲಿ ನಡೆಯಿತು. ನಾವು ಒಂದು ದರ ಬರೆದುಕೊಂಡು ಹೋಗಿರಲಿಲ್ಲ, ಬೇಕೆಂದೇ. ಹೆಂಗಸರೇ ಲೆಕ್ಕ ಹೇಳುತ್ತಾ ಹೋದರು. ಹಣ್ಣು ಹೆಕ್ಕುವುದು, ಮರ ಹತ್ತುವವನ ಕೂಲಿ, ಹೋಳು ಮಾಡಿ ಬೀಜ ತೆಗೆಯುವುದು, ಉಪ್ಪು, ಬಸ್ ಚಾರ್ಜ್. ಸಿಪ್ಪೆಯನ್ನು ಉಪ್ಪು ಹಾಕಿದ ರಸದಲ್ಲಿ ಅದ್ದಿ ಒಣಗಿಸಬೇಕು. ಮತ್ತೆ ಅದ್ದಬೇಕು, ಮತ್ತೆ ಒಣಗಿಸಬೇಕು. ಕಪ್ಪು ಬಣ್ಣ ಹತ್ತುವವರೆಗೆ ಇದೇ ಕೆಲಸ. ಈ ಒಣಗಿಸುವ ದಿನಗಳಿಗೆ ಕೂಲಿ ಹಾಕಲು ಅವರಿಗೇ ಸಂಕೋಚ. ‘ಮನೆಯಲ್ಲೇ ಇರ್ತೇವಲ್ಲ’ ಅಂದರು. ಮನೆಯಲ್ಲಿದ್ದೇ ಮಾಡಿದರೂ ಕೆಲಸ ಕೆಲಸವೇ ಅಂತ ನಾನು ಹಠ ಹಿಡಿದು ಸೇರಿಸಿದೆ. ಅಲ್ಲಿಗೆ ದರ ಅಂಗಡಿಯ ದರಕ್ಕಿಂತ ಚೆನ್ನಾಗಿಯೇ ಮೇಲೆ ಹೋಯಿತು. ಸಮಿತಿಯವರ ಮುಖ ಸಣ್ಣದಾಯಿತು. ಇರಲಿ.

ಜಾಸ್ತಿ ದರ ಕೊಟ್ಟ ಮೇಲೆ ಸರಕು ಒಳ್ಳೆಯದಿರಲೇಬೇಕು. ಈ ಮಾತನ್ನು ದಾನ ಮಾಡುವ ಮನಸ್ಸಿನವರು ಹೇಳಲು ಹಿಂಜರಿಯುತ್ತಾರೆ. ಮೇ ಕೊನೆಯ ಅಡ್ಡಮಳೆ ಮುರುಗಲಿಗೆ ದೊಡ್ಡ ಶತ್ರು. ಒಂದು ರಾತ್ರಿ ನೆನೆದರೆ ಬೂಷ್ಟು. ಸಣ್ಣ ಅಂಗಳದ ಮನೆಗಳಲ್ಲಿ ಬಿಸಿಲು ಸಿಗುವುದೇ ಕಷ್ಟ. ಚರ್ಚಿನ ಮುಂದೆ ದೊಡ್ಡ ಕಾಂಕ್ರೀಟ್ ಅಂಗಳ ಸುಮ್ನೆ ಬಿದ್ದಿತ್ತು. ರಜೆಯಲ್ಲಿ ಧರ್ಮೋಪದೇಶದ ಕ್ಲಾಸೂ ಇಲ್ಲ. ಅಲ್ಲೇ ಒಣಗಿಸಿದೆವು. ಮೋಡ ಕಂಡರೆ ಹಾಲ್ ಪಕ್ಕದಲ್ಲೇ ಇತ್ತು, ಎಳೆದು ಹಾಕುತ್ತಿದ್ದೆವು. ದುಡ್ಡಿಗಿಂತ ಈ ಅಂಗಳವೇ ಹೆಚ್ಚು ಉಪಕಾರ ಮಾಡಿತು ಅನ್ನುವವರಿದ್ದಾರೆ. ಉಪ್ಪನ್ನು ಗೋಕರ್ಣದ ಹತ್ತಿರದ ಸಾಣಿಕಟ್ಟೆಯಿಂದ ತರಿಸಿದೆವು. ಅಲ್ಲಿನ ಆಗರಗಳಲ್ಲಿ ಬೆವರು ಸುರಿಸುವವರೂ ನಮ್ಮ ಕಡೆಯವರೇ. ಕಾಡಿನ ಮರಗಳ ಹಣ್ಣಿಗೆ ಮಾತ್ರ ಕೈ ಹಾಕಲಿಲ್ಲ. ಅದಕ್ಕೆ ಗುತ್ತಿಗೆ, ಅನುಮತಿ ಅಂತ ಬೇರೆಯೇ ಲೆಕ್ಕ ಇದೆ.

ಮಾರುವ ವಿಷಯಕ್ಕೆ ಬರುತ್ತೇನೆ. ಭಾನುವಾರ ಪೂಜೆ ಮುಗಿದ ಮೇಲೆ ಮೇಜು ಹಾಕಿ ಮಾರಿದರೆ ಜನ ಖುಷಿಯಿಂದ ಕೊಳ್ಳುತ್ತಾರೆ. ಆದರೆ ಒಂದು ಮನೆಗೆ ವರ್ಷಕ್ಕೆ ಎಷ್ಟು ಮುರುಗಲು ಬೇಕು? ಎರಡನೇ ಭಾನುವಾರಕ್ಕೆ ಮೇಜಿನ ಮುಂದೆ ಜನ ಇಲ್ಲ. ಚಂದಾವರದಲ್ಲಿ ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ಅಲ್ಲಿಗೆ ಶರಬತ್ತು ಒಯ್ದೆವು, ಒಂದು ದಿನದ ಮಟ್ಟಿಗೆ ಚೆನ್ನಾಗಿ ಹೋಯಿತು. ಬೆಂಗಳೂರಿಗೆ ಚಂದದ ಪ್ಯಾಕೆಟ್ ಮಾಡಿ ಕಳಿಸೋಣ ಅಂತ ಯುವಕರು ಹೇಳಿದರು. ಪ್ಯಾಕೆಟ್ ಖರ್ಚು, ಕೊರಿಯರ್ ಖರ್ಚು ಕಳೆದರೆ ಹೆಂಗಸರಿಗೆ ಕೊಡುವ ದರಕ್ಕೇ ಕತ್ತರಿ ಬೀಳುತ್ತಿತ್ತು. ಬಿಟ್ಟೆವು.

ದಾರಿ ತೋರಿಸಿದ್ದು ಪಕ್ಕದೂರಿನ ದೇವಸ್ಥಾನದ ಅಡುಗೆಮನೆ. ಅಲ್ಲಿ ಅನ್ನಸಂತರ್ಪಣೆಗೆ ಮುರುಗಲು ಸಾರು ಇರಲೇಬೇಕು. ಮೂಟೆ ಲೆಕ್ಕದಲ್ಲಿ ಬೇಕು, ವರ್ಷವಿಡೀ ಬೇಕು. ಆಡಳಿತ ಸಮಿತಿಯ ಹತ್ತಿರ ಕೇಳಿದೆವು. ಚರ್ಚಿನ ಅಂಗಳದಲ್ಲಿ ಒಣಗಿದ್ದು ದೇವರ ಅಡುಗೆಗೆ ಆಗುತ್ತದಾ ಅಂತ ಒಬ್ಬರು ಮೆಲ್ಲಗೆ ಎತ್ತಿದರು. ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಕೇಳಿದರು: ‘ಇಷ್ಟು ವರ್ಷ ಅಂಗಡಿಯಿಂದ ತಂದದ್ದು ಎಲ್ಲಿ ಒಣಗಿತ್ತು ಅಂತ ಯಾರಾದರೂ ಕೇಳಿದ್ದೀರಾ?’ ಅಲ್ಲಿಗೆ ಆ ಮಾತು ನಿಂತಿತು. ಭಟ್ಟರಿಗೆ ಬೇಕಾದದ್ದು ಕಲ್ಲು, ಮಣ್ಣು ಇಲ್ಲದ ಸಿಪ್ಪೆ. ಫೇರ್ ಟ್ರೇಡ್ ಅಂತ ನಾನು ವಿವರಿಸಲು ಹೊರಟರೆ ‘ಹುಳಿ ಚೆನ್ನಾಗಿದೆ, ಸಾಕು’ ಅಂದರು.

ನನಗೆ ಇದು ದೊಡ್ಡ ಸಮಾಧಾನ. ಯಾಕೆಂದರೆ ಬ್ರಿಟನ್ನಿನ ಟ್ರೇಡ್‌ಕ್ರಾಫ್ಟ್ ಕಥೆ ನನ್ನ ತಲೆಯಲ್ಲಿತ್ತು. 1979ರಲ್ಲಿ ಕ್ರೈಸ್ತರು ಕಟ್ಟಿದ ಕಂಪನಿ ಅದು. ಚರ್ಚ್ ಚರ್ಚಿನಲ್ಲಿ ಸ್ವಯಂಸೇವಕರು ಮೇಜು ಹಾಕಿ ಅದರ ಚಹಾ, ಕಾಫಿ ಮಾರುತ್ತಿದ್ದರು. ಫೇರ್ ಟ್ರೇಡ್ ಮುದ್ರೆಯ ಸರಕು ಸೂಪರ್‌ಮಾರ್ಕೆಟ್‌ನಲ್ಲೇ ಸಿಗತೊಡಗಿತು. ಮೇಜು ಹಾಕುವವರಿಗೆ ವಯಸ್ಸೂ ಆಯಿತು. 2023ರ ಜನವರಿಯಲ್ಲಿ ಕಂಪನಿ ಮುಳುಗಿತು. ಭಕ್ತರ ಕನಿಕರವನ್ನು ನಂಬಿ ಎಷ್ಟು ವರ್ಷ ಮಾರಬಹುದು? ನಮಗೆ ಸಿಪ್ಪೆ ಬೇಕೇ ಬೇಕು ಅನ್ನುವ ಅಡುಗೆಮನೆ ಸಿಕ್ಕಿದ್ದರಿಂದ ನಾವು ಉಳಿದೆವು.

ಲೆಕ್ಕವನ್ನು ಚರ್ಚಿನ ಜಗಲಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತೇವೆ. ಯಾರಿಗೆ ಎಷ್ಟು ಮುಂಗಡ ಅಂತ ಬರೆಯುವುದಿಲ್ಲ, ಅದು ಅವರ ಮರ್ಯಾದೆಯ ಪ್ರಶ್ನೆ. ಕೊಂಡ ದರ, ಮಾರಿದ ದರ, ನಡುವಿನ ಖರ್ಚು ಇಷ್ಟೇ.

ಇದೆಲ್ಲ ಶುರುವಾದ ಮೇಲೆ ಅಂಗಡಿಯವರೂ ದರ ಏರಿಸಿದರು. ನಮ್ಮಿಂದ ಮುಂಗಡ ತೆಗೆದುಕೊಂಡ ಕೆಲವರು ಅರ್ಧ ಸಿಪ್ಪೆ ನಮಗೆ ಹಾಕಿ, ಉಳಿದರ್ಧ ಅಲ್ಲಿಗೆ ಹಾಕಿದರು. ಸಮಿತಿಯಲ್ಲಿ ‘ಮೋಸ’ ಅನ್ನುವ ಮಾತು ಬಂತು. ನನಗೆ ಹಾಗೆ ಅನ್ನಿಸಲಿಲ್ಲ. ಮುಂಗಡದಷ್ಟು ಸಿಪ್ಪೆ ನಮಗೆ ಬಂದಿದೆ. ಉಳಿದದ್ದನ್ನು ಜಾಸ್ತಿ ಕೊಟ್ಟವರಿಗೆ ಮಾರುವ ಸ್ವಾತಂತ್ರ್ಯ ಸಿಗಲಿ ಅಂತಲೇ ನಾವು ಅವರ ಬಾಕಿ ತೀರಿಸಿದ್ದು. ಅದೇ ಸ್ವಾತಂತ್ರ್ಯವನ್ನು ನಮ್ಮ ಮೇಲೆ ಬಳಸಿದಾಗ ಸಿಟ್ಟು ಮಾಡಿಕೊಂಡರೆ ನಾವೂ ಇನ್ನೊಂದು ಅಂಗಡಿಯಾಗುತ್ತೇವೆ ಅಷ್ಟೇ. ಈ ವಿಷಯಕ್ಕೆ ಸಮಿತಿಯಲ್ಲಿ ಮತಕ್ಕೆ ಹಾಕಬೇಕಾಯಿತು. ಸ್ವಲ್ಪದರಲ್ಲಿ ಗೆದ್ದೆ.

ಈಗ ಹೆಂಗಸರದ್ದೇ ಸಂಘ ಇದೆ. ಬೀಜದ ತುಪ್ಪ ತೆಗೆದು ಅವರೇ ಮಾರುತ್ತಾರೆ. ಹಿಮ್ಮಡಿ ಒಡೆದವರು ಹಚ್ಚಿಕೊಳ್ಳಲು ಅದನ್ನು ಹುಡುಕಿಕೊಂಡು ಬರುತ್ತಾರೆ. ಆ ಉಳಿತಾಯದಿಂದ ಈ ಜೂನ್‌ನ ಮುಂಗಡದ ಅರ್ಧವನ್ನು ಸಂಘವೇ ಕೊಟ್ಟಿತು, ಉಳಿದರ್ಧ ನಮ್ಮ ಡಬ್ಬಿಗಳಿಂದ. ಇನ್ನು ಮುಂದೆ ದರದ ಸಭೆಗೆ ಚರ್ಚಿನಿಂದ ಒಬ್ಬರು ಮಾತ್ರ ಬರಬೇಕು, ಬಂದವರಿಗೆ ಮತ ಇಲ್ಲ ಅಂತ ಅವರು ತೀರ್ಮಾನ ಮಾಡಿದ್ದಾರೆ. ಈಗಿನ ಪಾದ್ರಿಗೆ ಇದು ಖುಷಿಯ ವಿಷಯ. ಸಮಿತಿಯ ಇಬ್ಬರು ಹಿರಿಯರು ಇನ್ನೂ ಗೊಣಗುತ್ತಿದ್ದಾರೆ, ದುಡ್ಡು ನಮ್ಮದಲ್ವಾ ಅಂತ.