ಬೇಟೆಗೆ ಬೈನಾಕ್ಯುಲರ್ ತಗೊಳ್ಳೋದು ಹೇಗೆ: ಡಬ್ಬಿ ಮೇಲಿನ ನಂಬರ್ ಬಿಡಿ, ಮುಸ್ಸಂಜೆಲಿ ನೋಡಿ

ನಾನು ಮೊದಲ ಸಲ ತಗೊಂಡ ಬೈನಾಕ್ಯುಲರ್ ಡಬ್ಬಿ ಮೇಲೆ 20 ರಿಂದ 100 ಪಟ್ಟು ಝೂಮ್ ಅಂತ ದಪ್ಪಕ್ಷರದಲ್ಲಿ ಬರ್ದಿತ್ತು, ಮುಂದಿನ ಗಾಜು ಎರಡೂ ಮಾಣಿಕ್ಯದ ಹಾಗೆ ಕೆಂಪಗೆ ಹೊಳೀತಿದ್ವು. ಕೊಳ್ಳೋವಾಗ ಮಧ್ಯಾಹ್ನದ ಬಿಸಿಲಲ್ಲಿ ದೂರದ ಟವರ್ ನೋಡಿ ಆಹಾ ಅಂದ್ಕೊಂಡೆ. ಆಮೇಲೆ ಒಂದು ಸಂಜೆ ಬೇಟೆಗೆ ಕೂತಿದ್ವಿ, ಹೊತ್ತು ಮುಳುಗಿ ಹತ್ತು ನಿಮಿಷ ಆಗಿತ್ತು ಅಷ್ಟೆ, ಕಾಡಿನಂಚಲ್ಲಿ ಏನೋ ಕಪ್ಪಗೆ ಕಾಣ್ತಿದೆ, ಮರದ ಬೊಡ್ಡೆನೋ ಜಿಂಕೆನೋ ಗೊತ್ತಾಗ್ತಿಲ್ಲ. ಝೂಮ್ ಜಾಸ್ತಿ ಮಾಡಿದ್ರೆ ಇನ್ನೂ ಕತ್ತಲು, ಜೊತೆಗೆ ಕೈ ನಡುಗಿ ಬೊಡ್ಡೆನೇ ಕುಣಿಯೋಕೆ ಶುರು. ಪಕ್ಕದಲ್ಲಿದ್ದ ಗೆಳೆಯ ಏನೂ ಮಾತಾಡದೆ ಕೊರಳಿಂದ ತನ್ನ ಹಳೇ 8×42 ತೆಗೆದು ಕೈಗಿಟ್ಟ. ಅದರಲ್ಲಿ ನೋಡಿದ್ರೆ ಬೊಡ್ಡೆಗೆ ಎರಡು ಕಿವಿ! ಒಂದು ಕಿವಿ ನೊಣ ಓಡಿಸೋಕೆ ಪಟಕ್ ಅಂತ ಆಡ್ತು. ಹೆಣ್ಣು ಜಿಂಕೆ, ಅದರ ಹಿಂದೆ ಪುಟ್ಟ ಮರಿ.

ಅವತ್ತು ತಲೆಗೆ ಹೋಗಿದ್ದು ಇಷ್ಟೇ, ಬೇಟೆ ಬೈನಾಕ್ಯುಲರ್‌ಗೆ ನೀವು ಕೊಡೋ ದುಡ್ಡು ನಸುಕಿನ ಅರ್ಧ ಗಂಟೆಗೆ, ಮುಸ್ಸಂಜೆಯ ಅರ್ಧ ಗಂಟೆಗೆ. ಹಗಲು ಹನ್ನೆರಡು ಗಂಟೆಗೆ ಎಂಥಾ ಕಳಪೆ ಗಾಜಲ್ಲೂ ಚೆನ್ನಾಗೇ ಕಾಣತ್ತೆ, ಆದರೆ ಆ ಹೊತ್ತಲ್ಲಿ ಜಿಂಕೆ ಎಲ್ಲೋ ನೆರಳಲ್ಲಿ ಮಲಗಿರತ್ತೆ.

ಇನ್ನೊಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ರೈಫಲ್ ಮೇಲೆ ಸ್ಕೋಪ್ ಇದೆಯಲ್ಲ, ಅದರಲ್ಲೇ ನೋಡ್ಕೊಂಡ್ರಾಯ್ತು ಅನ್ನೋರು ಇದಾರೆ. ಬೇಡ. ಸ್ಕೋಪ್‌ನಲ್ಲಿ ನೋಡೋದು ಅಂದ್ರೆ ನಳಿಗೆಯನ್ನ ಅದರ ಕಡೆ ತಿರುಗಿಸೋದು, ಪೊದೆ ಹಿಂದೆ ಅಲ್ಲಾಡ್ತಿರೋದು ಇನ್ನೊಬ್ಬ ಬೇಟೆಗಾರ ಆಗಿದ್ರೆ ಏನ್ ಗತಿ. ಕಾನೂನು ಪ್ರಕಾರ ಬೇಟೆಗೆ ಅವಕಾಶ ಇರೋ ಕಡೆ ಪರ್ಮಿಟ್‌ನಲ್ಲಿ ಯಾವ ಪ್ರಾಣಿ, ಗಂಡೋ ಹೆಣ್ಣೋ, ಎಷ್ಟೋ ಸಲ ಕೊಂಬಿಗೆ ಎಷ್ಟು ಕವಲು ಇರ್ಬೇಕು ಅಂತ ಕೂಡ ಬರ್ದಿರತ್ತೆ, ಅದನ್ನೆಲ್ಲ ಬಂದೂಕು ಎತ್ತೋಕೆ ಮುಂಚೆ ನೋಡಿ ಮುಗಿಸಿರ್ಬೇಕು. ಇಡೀ ದಿನದಲ್ಲಿ ಟ್ರಿಗರ್ ಒತ್ತೋದು ಒಂದು ಸಲ ಇರ್ಬಹುದು, ಇಲ್ಲದೇನೂ ಇರ್ಬಹುದು, ಕಣ್ಣಿಗೆ ಮಾತ್ರ ಗಂಟೆಗಟ್ಟಲೆ ಕೆಲಸ.

ಈಗ ನಂಬರ್ ವಿಷಯಕ್ಕೆ ಬರೋಣ. 8×42 ಅಂದ್ರೆ 8 ಪಟ್ಟು ಹತ್ತಿರ ಕಾಣತ್ತೆ, ಮುಂದಿನ ಲೆನ್ಸ್ ಅಗಲ 42 ಮಿ.ಮೀ. ಎರಡನೇದನ್ನ ಮೊದಲನೇದರಿಂದ ಭಾಗಿಸಿದ್ರೆ ಸಿಗೋದು ಎಕ್ಸಿಟ್ ಪ್ಯೂಪಿಲ್, ಅಂದ್ರೆ ಹಿಂದಿನಿಂದ ನಿಮ್ಮ ಕಣ್ಣಿಗೆ ಬರೋ ಬೆಳಕಿನ ಕಂಬಿಯ ದಪ್ಪ. 8×42 ಗೆ 5.25 ಮಿ.ಮೀ., 10×42 ಗೆ 4.2, 8×56 ಗೆ 7. ಬೈನಾಕ್ಯುಲರನ್ನ ಒಂದು ಮೊಳ ದೂರ ಹಿಡಿದು ಬೆಳಕಿನ ಕಡೆ ತೋರ್ಸಿದ್ರೆ (ಸೂರ್ಯನ ಕಡೆ ಮಾತ್ರ ಯಾವತ್ತೂ ಬೇಡ) ಐಪೀಸ್‌ನಲ್ಲಿ (ಕಣ್ಣಿಡೋ ಕಡೆಯ ಗಾಜು) ಆ ಪುಟ್ಟ ಬೆಳಕಿನ ಚುಕ್ಕಿ ಕಣ್ಣಿಗೇ ಕಾಣತ್ತೆ. ಹಗಲಲ್ಲಿ ನಮ್ಮ ಕಣ್ಣಿನ ಪಾಪೆ 2-3 ಮಿ.ಮೀ. ಅಷ್ಟೇ ತೆರೆದಿರತ್ತೆ, ಹಾಗಾಗಿ ವ್ಯತ್ಯಾಸ ಗೊತ್ತಾಗಲ್ಲ, ಕತ್ತಲಾಗ್ತಾ ಆಗ್ತಾ ಪಾಪೆ ಹಿಗ್ಗತ್ತೆ, ಎಳೇ ವಯಸ್ಸಲ್ಲಿ ಸುಮಾರು 7 ರವರೆಗೆ, ಐವತ್ತು ದಾಟಿದ ಮೇಲೆ ಬಹಳಷ್ಟು ಜನಕ್ಕೆ 5 ರ ಆಸುಪಾಸು. ಹಾಗಾಗಿ ವಯಸ್ಸಾದವರು ದೊಡ್ಡ 8×56 ಹೊತ್ಕೊಂಡು ಹೋದ್ರೂ ಅಷ್ಟೂ ಬೆಳಕು ಕಣ್ಣೊಳಗೆ ಇಳಿಯಲ್ಲ, ತೂಕ ಮಾತ್ರ ಪೂರ್ತಿ ಕುತ್ತಿಗೆಗೆ.

ಟ್ವಿಲೈಟ್ ಫ್ಯಾಕ್ಟರ್ ಅಂತ ಇನ್ನೊಂದು ನಂಬರ್ ತೋರಿಸ್ತಾರೆ, ಎರಡೂ ಸಂಖ್ಯೆ ಗುಣಿಸಿ ವರ್ಗಮೂಲ ತೆಗೆದ್ರೆ ಬರತ್ತೆ, 8×42 ಗೆ 18.3, 10×42 ಗೆ 20.5. ಕೇಳೋಕೆ ಚೆನ್ನಾಗಿದೆ, ಆದರೆ ಇದರಲ್ಲಿ ಗಾಜಿನ ಗುಣಮಟ್ಟದ ಲೆಕ್ಕನೇ ಇಲ್ಲ, ಕಳಪೆ 10×42 ಗೂ ಅದೇ 20.5, ಜಗತ್ತಿನ ಅತ್ಯುತ್ತಮ 10×42 ಗೂ ಅದೇ 20.5. ನಾನಂತೂ ಅದನ್ನ ನೋಡೋದೇ ಬಿಟ್ಟಿದೀನಿ.

8 ಆ, 10 ಆ ಅನ್ನೋ ಜಗಳ ಮುಗಿಯೋ ಥರದ್ದಲ್ಲ. ಪವರ್ (ಅಂದ್ರೆ ಆ ಮೊದಲನೇ ನಂಬರ್) ಎಷ್ಟು ಜಾಸ್ತಿನೋ ಕೈ ನಡುಕನೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣತ್ತೆ, ಬೆಟ್ಟ ಹತ್ತಿ ಏದುಸಿರು ಬಿಡ್ತಾ 10 ಪವರ್ ಎತ್ತಿ ನೋಡಿ ಗೊತ್ತಾಗತ್ತೆ. ಕಾಣೋ ಅಗಲನೂ ಕಮ್ಮಿ ಆಗತ್ತೆ, 1000 ಮೀಟರ್ ದೂರದಲ್ಲಿ ಒಳ್ಳೇ 8 ಪವರ್‌ಗೆ ಸುಮಾರು 130 ಮೀಟರ್ ಅಗಲ ಕಂಡ್ರೆ 10 ಕ್ಕೆ ಸುಮಾರು 110. ದಟ್ಟ ಕಾಡು, ಹತ್ತಿರದ ನೋಟ, ಓಡೋ ಪ್ರಾಣಿ ಅಂದ್ರೆ 8. ಬಯಲು, ಹುಲ್ಲುಗಾವಲು, ಕಣಿವೆಯ ಆಚೆ ಬದಿ ಅಂದ್ರೆ 10. ಎರಡೂ ಕಡೆ ಹೋಗೋರು, ಕೈ ಗಟ್ಟಿ ಇದ್ರೆ 10, ಇಲ್ಲಾಂದ್ರೆ ಕಣ್ಮುಚ್ಚಿ 8. 12 ಅಥವಾ 15 ಪವರ್ ಬೇಕು ಅಂದ್ರೆ ಟ್ರೈಪಾಡ್ ಕೂಡ ಬೇಕು, ಅದಿಲ್ಲದೆ ತಗೊಂಡ್ರೆ ದುಡ್ಡು ನೀರಿಗೆ ಹಾಕಿದ ಹಾಗೆ. ಝೂಮ್ ಬೈನಾಕ್ಯುಲರ್ ಬಗ್ಗೆ ಮೇಲೇ ಹೇಳ್ದೆ, ಆ ಕಡೆ ತಲೆ ಹಾಕ್ಬೇಡಿ.

ದುಡ್ಡು ನಿಜವಾಗ್ಲೂ ಹೋಗೋದು ಒಳಗಡೆಗೆ. ಗಾಜಿನ ಒಂದೊಂದು ಮೈ ಮೇಲೂ ಕೋಟಿಂಗ್ (ಬೆಳಕು ವಾಪಸ್ ಚಿಮ್ಮದ ಹಾಗೆ ಬಳಿಯೋ ತೆಳು ಪದರ) ಇಲ್ಲದಿದ್ರೆ ಸುಮಾರು 4% ಬೆಳಕು ವಾಪಸ್ ಚಿಮ್ಮತ್ತೆ. ನಾಲ್ಕೇ ತಾನೆ ಅನ್ಸತ್ತೆ, ಆದರೆ ಬೈನಾಕ್ಯುಲರ್ ಒಳಗೆ ಅಂಥ ಮೈಗಳು ಹನ್ನೆರಡಕ್ಕೂ ಹೆಚ್ಚಿರ್ಬಹುದು, ಹನ್ನೆರಡು ಸಲ 4% ಕಳೀತಾ ಹೋಗಿ, ಕೊನೆಗೆ ಕಣ್ಣಿಗೆ ತಲುಪೋದು ಸುಮಾರು 61%. ಅದೇ ಒಳ್ಳೇ ಕೋಟಿಂಗ್ ಹಾಕಿ ಒಂದೊಂದು ಕಡೆ ನಷ್ಟ 0.5% ಗೆ ಇಳಿಸಿದ್ರೆ 94% ತಲುಪತ್ತೆ. ಬೊಡ್ಡೆಗೆ ಕಿವಿ ಬರೋದು ಈ ವ್ಯತ್ಯಾಸದಲ್ಲೇ. ಈ ಕೋಟಿಂಗ್ ವಿದ್ಯೆ ಕಂಡುಹಿಡಿದಿದ್ದು 1935 ರಲ್ಲಿ, ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ. ಡಬ್ಬಿ ಮೇಲೆ ಬರೀ ಕೋಟೆಡ್ ಅಂತಿದ್ರೆ ಎಲ್ಲೋ ಒಂದೆರಡು ಕಡೆ ಒಂದು ಪದರ ಬಳ್ದಿದಾರೆ ಅಂತ ಅರ್ಥ, ಮಲ್ಟಿ ಕೋಟೆಡ್ ಅಂದ್ರೆ ಕೆಲವು ಮೈಗೆ ಹಲವು ಪದರ, ನಿಮಗೆ ಬೇಕಿರೋದು ಫುಲ್ಲಿ ಮಲ್ಟಿ ಕೋಟೆಡ್. ಆ ಫುಲ್ಲಿ ಅನ್ನೋ ಒಂದು ಪದ ಇಲ್ಲದಿದ್ರೆ ಮುಂದೆ ಓದೋದೇ ಬೇಡ. ನನ್ನ ಮಾಣಿಕ್ಯದ ಲೆನ್ಸ್ ಕಥೆನೂ ಕೋಟಿಂಗ್‌ದೇ, ಕೆಂಪು ಬೆಳಕನ್ನೆಲ್ಲ ಅದು ಹೊರಗೇ ವಾಪಸ್ ಕಳಿಸ್ತಿತ್ತು, ಅದಕ್ಕೇ ಒಳಗೆ ಕಾಣೋದೆಲ್ಲ ಹಸಿರು ಬಡಿದು ಮಂಕಾಗಿತ್ತು.

ಒಳಗೆ ತಲೆಕೆಳಗಾಗಿ ಬೀಳೋ ಚಿತ್ರವನ್ನ ನೆಟ್ಟಗೆ ಮಾಡೋ ಗಾಜಿನ ತುಂಡೇ ಪ್ರಿಸಂ, ಅದರಲ್ಲಿ ಎರಡು ಥರ. ಮುಂದಿನ ಲೆನ್ಸ್ ದೂರ ದೂರ ಇದ್ದು ಭುಜ ಅಗಲ ಇರೋ ಹಳೇ ಆಕಾರದ್ದು ಪೋರೋ, ಇಟಲಿಯ ಇಗ್ನಾಜಿಯೋ ಪೋರೋ 1854 ರಲ್ಲಿ ಪೇಟೆಂಟ್ ಮಾಡಿದ್ದು, ಝೈಸ್ ಅದನ್ನ ಬಳಸಿ 1894 ರಲ್ಲಿ ಬೈನಾಕ್ಯುಲರ್ ಮಾರೋಕೆ ಶುರು ಮಾಡ್ತು. ಎರಡು ನೆಟ್ಟಗಿನ ಕೊಳವೆ ಇರೋದು ರೂಫ್ ಪ್ರಿಸಂ, ಕೈಗೆ ಚೆನ್ನಾಗಿ ಕೂರತ್ತೆ, ನೀರು ಹೋಗದ ಹಾಗೆ ಸೀಲ್ ಮಾಡೋದೂ ಸುಲಭ. ಆದರೆ ರೂಫ್ ಪ್ರಿಸಂನಲ್ಲಿ ಬೆಳಕು ಎರಡು ಪಾಲಾಗಿ ಆಮೇಲೆ ಕೂಡ್ಕೊಳ್ಳತ್ತೆ, ಕೂಡ್ಕೊಳ್ಳೋವಾಗ ಒಂದಕ್ಕೊಂದು ಸರಿಯಾಗಿ ಹೊಂದಲ್ಲ, ಚಿತ್ರದ ಗೆರೆ ಮಂಕಾಗತ್ತೆ. ಇದನ್ನ ಸರಿ ಮಾಡೋ ಫೇಸ್ (phase) ಕೋಟಿಂಗ್ ಬಂದಿದ್ದೇ 1988 ರಲ್ಲಿ, ಹಾಗಾಗಿ ಅದಕ್ಕಿಂತ ಹಳೇ ರೂಫ್ ಪ್ರಿಸಂ ಯಾರಾದ್ರೂ ಸೆಕೆಂಡ್ ಹ್ಯಾಂಡ್ ಕೊಡ್ತೀನಿ ಅಂದ್ರೆ ಹೆಸರು ಎಷ್ಟೇ ದೊಡ್ಡದಿದ್ರೂ ಯೋಚ್ನೆ ಮಾಡಿ. ಇನ್ನು ರೂಫ್‌ನಲ್ಲಿ ಬಹುಪಾಲು ಬರೋ ಶ್ಮಿಟ್-ಪೆಖಾನ್ ಪ್ರಿಸಂನ ಒಂದು ಮೈಗೆ ಕನ್ನಡಿ ಲೇಪ ಬೇಕೇ ಬೇಕು, ಅಲ್ಯೂಮಿನಿಯಂ ಆದ್ರೆ ಬೆಳಕು ಅಲ್ಲೇ ಒಂದಿಷ್ಟು ಸೋರತ್ತೆ, ಬೆಳ್ಳಿ ಅದಕ್ಕಿಂತ ವಾಸಿ, ಡೈಎಲೆಕ್ಟ್ರಿಕ್ (ಲೋಹ ಇಲ್ಲದೆ ಹಲವು ತೆಳು ಪದರದಿಂದ ಮಾಡೋ ಕನ್ನಡಿ ಲೇಪ) ಅಂದ್ರೆ 99% ಗಿಂತ ಜಾಸ್ತಿ ವಾಪಸ್ ಬರತ್ತೆ. ಸ್ಪೆಕ್ ಶೀಟಲ್ಲಿ ಫೇಸ್ ಕೋಟಿಂಗ್, ಡೈಎಲೆಕ್ಟ್ರಿಕ್ ಎರಡೂ ಇದಾವಾ ಅಂತ ಹುಡುಕಿ. ಕೈಲಿ ದುಡ್ಡು ಕಮ್ಮಿ ಇದ್ರೆ ಅಗ್ಗದ ರೂಫ್‌ಗಿಂತ ಅದೇ ದುಡ್ಡಿನ ಪೋರೋ ಚೆನ್ನಾಗಿ ಕಾಣತ್ತೆ, ಯಾಕಂದ್ರೆ ಅದಕ್ಕೆ ಈ ಎರಡೂ ಲೇಪದ ಉಸಾಬರಿನೇ ಇಲ್ಲ. ನೋಡೋಕೆ ಅಜ್ಜನ ಕಾಲದ್ದು ಅನ್ಸತ್ತೆ, ಅನ್ಸ್ಲಿ ಬಿಡಿ.

ಇಡಿ (ED) ಗ್ಲಾಸ್ ಅಂತ ಬರತ್ತೆ, ಬೆಳಗ್ಗೆ ಬಿಳೀ ಆಕಾಶದ ಎದುರು ಕೊಂಬು ನೋಡಿದಾಗ ಅಂಚಲ್ಲಿ ನೇರಳೆ ಹಸಿರು ಗೆರೆ ಕಾಣೋದನ್ನ ಅದು ಕಮ್ಮಿ ಮಾಡತ್ತೆ. ಇದ್ರೆ ಒಳ್ಳೇದು, ಆದರೆ ಕೋಟಿಂಗ್ ಬಿಟ್ಟು ಇದಕ್ಕೆ ದುಡ್ಡು ಕೊಡ್ಬೇಡಿ.

ಕನ್ನಡಕ ಹಾಕೋರು ಐ ರಿಲೀಫ್ ನೋಡ್ಲೇಬೇಕು, ಅಂದ್ರೆ ಐಪೀಸಿಂದ ಕಣ್ಣು ಎಷ್ಟು ದೂರ ಇದ್ರೂ ಪೂರ್ತಿ ಚಿತ್ರ ಕಾಣತ್ತೆ ಅನ್ನೋದು. 15 ಮಿ.ಮೀ. ಗಿಂತ ಕಮ್ಮಿ ಇದ್ರೆ ಬಾವಿಯೊಳಗೆ ಇಣುಕಿದ ಹಾಗೆ ನಡುವೆ ಮಾತ್ರ ಕಾಣತ್ತೆ, 17-18 ಇದ್ರೆ ನೆಮ್ಮದಿ. ಕನ್ನಡಕ ಇದ್ರೆ ಐಕಪ್ (ಐಪೀಸ್ ಸುತ್ತ ಇರೋ ರಬ್ಬರ್ ಬಳೆ) ಕೆಳಗೆ ತಿರುಗಿಸಿ, ಇಲ್ಲದಿದ್ರೆ ಮೇಲೆ.

ವಾಟರ್‌ಪ್ರೂಫ್ ಅಂದ ಮಾತ್ರಕ್ಕೆ ಮುಗೀಲಿಲ್ಲ, ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿರ್ಬೇಕು, ಇಲ್ಲಾಂದ್ರೆ ಬೆಚ್ಚಗಿನ ಗಾಡಿಯಿಂದ ಚಳಿಗೆ ಇಳಿದ ತಕ್ಷಣ ಲೆನ್ಸಿನ ಒಳಗಡೆ ಮಂಜು ಕೂರತ್ತೆ, ಅದನ್ನ ಒರೆಸೋಕೆ ಬೆರಳೂ ಹೋಗಲ್ಲ ಬಟ್ಟೆನೂ ಹೋಗಲ್ಲ. ಐಪಿಎಕ್ಸ್7 ಅಂತಿದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆಯತ್ತೆ ಅಂತ. ತೂಕನೂ ಕೇಳಿ, 42 ಮಿ.ಮೀ. ನವು ಸಾಮಾನ್ಯವಾಗಿ 600 ರಿಂದ 850 ಗ್ರಾಂ ಒಳಗೆ ಇರ್ತಾವೆ. ಜೊತೆಗೆ ಕೊಡೋ ತೆಳ್ಳಗಿನ ಪಟ್ಟಿ ಸಂಜೆ ಹೊತ್ತಿಗೆ ಕತ್ತು ಕೊಯ್ಯತ್ತೆ, ಎದೆಗೆ ಕಟ್ಟೋ ಹಾರ್ನೆಸ್ ಬೇರೆ ತಗೊಳ್ಳಿ, ಬಗ್ಗಿದಾಗ ಜೋತಾಡಿ ಕಲ್ಲಿಗೆ ಬಡಿಯೋದೂ ತಪ್ಪತ್ತೆ.

ಅಂಗಡಿಯಲ್ಲಿ ಏನ್ ನೋಡ್ಬೇಕು? ಸಾಧ್ಯ ಆದ್ರೆ ಮುಸ್ಸಂಜೆಗೇ ಹೋಗಿ, ಎರಡು ಮೂರು ಮಾಡೆಲ್ ಕೈಲಿಟ್ಕೊಂಡು ಹೊರಗೆ ಬಂದು ನೆರಳಲ್ಲಿರೋ ಯಾವುದಾದ್ರೂ ಬೋರ್ಡಿನ ಸಣ್ಣ ಅಕ್ಷರ ಓದಿ, ಒಂದಾದ ಮೇಲೊಂದು, ಪೂರ್ತಿ ಕತ್ತಲಾಗೋವರೆಗೆ. ಯಾವುದರಲ್ಲಿ ಅಕ್ಷರ ಕೊನೇವರೆಗೆ ಉಳೀತೋ ಅದು. ಹೊರಗೆ ಬಿಡಲ್ಲ ಅಂದ್ರೆ ಕಪಾಟಿನ ಕೆಳಗಿನ ಕತ್ತಲು ಮೂಲೆ ನೋಡಿ. ಆಮೇಲೆ ದೂರದ ಕರೆಂಟ್ ತಂತಿ ನೋಡಿ, ಒಂದು ತಂತಿ ಎರಡಾಗಿ ಕಂಡ್ರೆ, ಅಥವಾ ಐದು ನಿಮಿಷಕ್ಕೇ ಹಣೆ ಹಿಡ್ಕೊಂಡ ಹಾಗೆ ಆದ್ರೆ, ಎರಡು ಕೊಳವೆ ಒಂದೇ ಕಡೆ ನೋಡ್ತಿಲ್ಲ, ಅದು ಬೇಡ. ಎಕ್ಸಿಟ್ ಪ್ಯೂಪಿಲ್ ಗುಂಡಗಿರ್ಬೇಕು, ನಾಲ್ಕು ಕಡೆ ಕತ್ತರಿಸಿ ಚೌಕ ಆದ ಹಾಗೆ ಕಂಡ್ರೆ ಪ್ರಿಸಂನಲ್ಲಿ ಉಳಿತಾಯ ಮಾಡಿದಾರೆ. ಫೋಕಸ್ ಚಕ್ರ ಹಿಂದೆ ಮುಂದೆ ತಿರುಗಿಸಿ, ನಡುವೆ ಸಡಿಲ ಇರ್ಬಾರ್ದು. ಹಳೇದು ಕೊಳ್ಳೋದಾದ್ರೆ ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿಂದ ಒಳಗೆ ನೋಡಿ, ಜೇಡರ ಬಲೆ ಥರ ಎಳೆ ಇದ್ರೆ ಅದು ಬೂಷ್ಟು.

ಎಷ್ಟು ಖರ್ಚು ಮಾಡ್ಬೇಕು ಅನ್ನೋಕೆ ನನ್ನ ಲೆಕ್ಕ ಇಷ್ಟು. ಕೆಳಗಿನ ದರ್ಜೆಯಿಂದ ಮಧ್ಯದ ದರ್ಜೆಗೆ ಏರಿದ್ರೆ ಕಾಣೋ ವ್ಯತ್ಯಾಸ ತುಂಬಾ ದೊಡ್ಡದು, ಮಧ್ಯದಿಂದ ಝೈಸ್, ಲೈಕಾ, ಸ್ವರೋವ್‌ಸ್ಕಿಗಳ ತುದಿ ಮಾಡೆಲ್‌ಗೆ ಏರಿದ್ರೆ ಬೆಲೆ ಎಷ್ಟೋ ಪಟ್ಟು ಹಾರತ್ತೆ, ನೋಟ ಸ್ವಲ್ಪ ಮಾತ್ರ ಏರತ್ತೆ, ಆದರೆ ಆ ಸ್ವಲ್ಪ ಸಿಗೋದು ಸರಿಯಾಗಿ ಮುಸ್ಸಂಜೆಲೇ. ವರ್ಷಕ್ಕೆ ಎರಡು ಸಲ ಹೋಗೋರಿಗೆ ಮಧ್ಯದ್ದು ಸಾಕೋ ಸಾಕು. ವಾರವಾರ ಗಂಟೆಗಟ್ಟಲೆ ಗಾಜಿನ ಹಿಂದೆ ಕೂರೋರು ಒಂದೇ ಸಲ ದುಡ್ಡು ಕೂಡಿಟ್ಟು ಒಳ್ಳೇದು ತಗೊಳ್ಳಿ, ಮೂರು ಸಲ ಬದಲಾಯಿಸೋ ಖರ್ಚು ಉಳಿಯತ್ತೆ (ನಾನು ಉಳಿಸ್ಲಿಲ್ಲ, ಅದಕ್ಕೇ ಹೇಳ್ತಿದೀನಿ). ವಾರಂಟಿ ಓದಿ, ಬಿದ್ದು ಒಡೆದ್ರೂ ರಿಪೇರಿ ಮಾಡ್ಕೊಡೋ ಕಂಪನಿಗಳಿದಾವೆ, ತಯಾರಿಕೆ ದೋಷಕ್ಕೆ ಮಾತ್ರ ಅನ್ನೋರೂ ಇದಾರೆ. ದೂರ ಅಳೆಯೋ ಲೇಸರ್ ರೇಂಜ್‌ಫೈಂಡರ್ ಸೇರಿರೋದು ದೂರದ ಗುರಿ ಇಡೋರಿಗೆ ಅನುಕೂಲ, ಕಾಡೊಳಗೆ ಐವತ್ತು ಮೀಟರ್‌ಗೆ ಹೊಡೆಯೋರಿಗೆ ಅದು ಬರೀ ಭಾರ.

ಮನೆಗೆ ತಂದ ಮೇಲೆ ಡಯಾಪ್ಟರ್ (ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಹೊಂದಿಸೋ ಉಂಗುರ) ಸೆಟ್ ಮಾಡಿ, ಎಷ್ಟೋ ಜನ ಮಾಡೋದೇ ಇಲ್ಲ, ಆಮೇಲೆ ಬೈನಾಕ್ಯುಲರ್ ಸರಿ ಇಲ್ಲ ಅಂತ ಬೈತಾರೆ. ಬಲಗಡೆ ಲೆನ್ಸ್ ಅಂಗೈಲಿ ಮುಚ್ಚಿ, ಎರಡೂ ಕಣ್ಣು ತೆರೆದೇ ಇಟ್ಟು, ದೂರದ ಒಂದು ಕೊಂಬೆಗೆ ನಡುವಿನ ಚಕ್ರದಲ್ಲಿ ಫೋಕಸ್ ಮಾಡಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಅದೇ ಕೊಂಬೆ ಬಲಗಣ್ಣಿಗೆ ಚೂಪಾಗೋವರೆಗೆ ಡಯಾಪ್ಟರ್ ಉಂಗುರ ತಿರುಗಿಸಿ (ಬಹಳಷ್ಟರಲ್ಲಿ ಬಲ ಐಪೀಸ್ ಹತ್ರ ಇರತ್ತೆ). ಆ ಗುರುತು ನೆನಪಿಟ್ಕೊಳ್ಳಿ. ನೋಡೋವಾಗ ಕೂತ್ಕೊಂಡು ಮೊಣಕೈ ಮಂಡಿ ಮೇಲೆ ಊರಿ, ಕಣ್ಣಿಗಿಟ್ಟ ಬೈನಾಕ್ಯುಲರನ್ನ ಅತ್ತ ಇತ್ತ ಗಸಗಸ ಆಡಿಸ್ಬೇಡಿ, ಒಂದು ಕಡೆ ನಿಲ್ಲಿಸಿ, ಅಷ್ಟು ಜಾಗ ಪೂರ್ತಿ ನೋಡಿ, ಆಮೇಲೆ ಸ್ವಲ್ಪ ಪಕ್ಕಕ್ಕೆ. ಇಡೀ ಜಿಂಕೆ ಹುಡುಕಿದ್ರೆ ಸಿಗಲ್ಲ. ಎಲ್ಲಾ ನೆಟ್ಟಗೆ ನಿಂತಿರೋ ಮರಗಳ ನಡುವೆ ಅಡ್ಡ ಗೆರೆ ಒಂದು, ಅದು ಬೆನ್ನು. ಒದ್ದೆಯಾಗಿ ಮಿನುಗೋ ಕಪ್ಪು ಚುಕ್ಕಿ, ಅದು ಮೂಗು.

ಒರೆಸೋವಾಗ ಅಂಗಿ ತುದಿ ಮುಟ್ಟಿಸ್ಬೇಡಿ, ಧೂಳಿನ ಕಣ ಕೋಟಿಂಗ್ ಮೇಲೆ ಗೀರತ್ತೆ. ಮೊದಲು ಗಾಳಿ ಬುರುಡೆಯಿಂದ ಊದಿ, ಮೆತ್ತಗಿನ ಬ್ರಷ್‌ನಲ್ಲಿ ಝಾಡಿಸಿ, ಕೊನೆಗೆ ಬೇಕಾದ್ರೆ ಮಾತ್ರ ಲೆನ್ಸ್ ಬಟ್ಟೆ. ಒದ್ದೆ ಇದ್ರೆ ಚೀಲಕ್ಕೆ ಹಾಕದೆ ಹೊರಗೇ ಒಣಗಿಸಿ, ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.