‘ನೀರು ಡಾಕ್ಟ್ರು’ ಅನ್ನಿಸಿಕೊಂಡ ಕಥೆ

ನಮ್ಮ ತಾಲೂಕಿನ ನರ್ಸಿಂಗ್ ಹೋಮ್‌ಗಳಲ್ಲಿ ನನಗೆ ‘ನೀರು ಡಾಕ್ಟ್ರು’ ಅಂತ ಹೆಸರು ಬಿದ್ದು ಮೂರು ವರ್ಷ ಆಯಿತು. ನಾನು ಅರಿವಳಿಕೆ ಡಾಕ್ಟ್ರು; ಆಪರೇಷನ್‌ಗೆ ಮುಂಚೆ ಮಕ್ಕಳಿಗೆ ನೀರು ಕುಡಿಸುತ್ತೇನೆ ಅಂತ ಸರ್ಜನ್‌ಗಳು ಅಣಕಕ್ಕೆ ಇಟ್ಟ ಹೆಸರು. ಈಗ ಅದೇ ಸರ್ಜನ್‌ಗಳು ಮಕ್ಕಳ ಹರ್ನಿಯಾ, ಹೈಡ್ರೋಸೀಲ್, ಸುನ್ನತಿ ಇದ್ದರೆ ಮೊದಲು ನನಗೇ ಫೋನ್ ಮಾಡುತ್ತಾರೆ. ಜಂಬ ಅಂದರೂ ಪರವಾಗಿಲ್ಲ.

ಮಗುವಿನ ತೂಕ ನೋಡಿ ಗಂಟೆಗೆ ಎಷ್ಟು ಡ್ರಿಪ್ ಅಂತ ಹೇಳುವ 1957ರ ಹಾಲಿಡೇ–ಸೆಗರ್ ಸೂತ್ರ, ಅದರ 4-2-1 ಲೆಕ್ಕ, ಸಕ್ಕರೆ ಇರುವ, ಉಪ್ಪು ಕಡಿಮೆ ಇರುವ ಐಸೋಲೈಟ್ ಪಿ ಡ್ರಿಪ್. ನಾನೂ ವರ್ಷಗಟ್ಟಲೆ ಅದನ್ನೇ ಹಾಕಿದವನು. ಕೈ ಸುಟ್ಟುಕೊಂಡದ್ದು ಹತ್ತು ಕೇಜಿಯ ಒಂದು ಪಾಪುವಿನಲ್ಲಿ. ಅಳತೆಯ ಡಬ್ಬಿ ಇರುವ ಬ್ಯುರೆಟ್ ಸೆಟ್ ದುಬಾರಿ ಅಂತ ಮಾಮೂಲಿ ಡ್ರಿಪ್ ಸೆಟ್ ಹಾಕಿದ್ದರು. ನಾನು ಕಾಡಲ್ (ಬೆನ್ನಿನ ತುದಿಗೆ ಕೊಡುವ ನೋವಿನ ಇಂಜೆಕ್ಷನ್) ಕೊಡುವುದರಲ್ಲಿದ್ದೆ, ಡ್ರಿಪ್ಪಿನ ವೇಗ ತಡೆಯುವ ರೋಲರ್ ಪೂರ್ತಿ ತೆರೆದೇ ಇತ್ತು. ತಿರುಗಿ ನೋಡಿದರೆ 500 ಎಂ.ಎಲ್. ಬಾಟಲಿ ಅರ್ಧ ಖಾಲಿ! ರಕ್ತದ ಸಕ್ಕರೆ 300 ದಾಟಿತ್ತು. ವಾರ್ಡಿನಲ್ಲೂ ಅದೇ ಬಾಟಲಿ ಮುಂದುವರಿಯಿತು. ಸಂಜೆಗೆ ರೆಪ್ಪೆ ಊದಿ, ವಾಂತಿಯಾಗಿ, ರಕ್ತದ ಸೋಡಿಯಂ 130ರ ಆಸುಪಾಸಿಗೆ ಇಳಿದಿತ್ತು. ಮಗು ಸುಧಾರಿಸಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಐಸೋಲೈಟ್ ಪಿ ಬಿಟ್ಟೆ. ಆಪರೇಷನ್‌ಗೆ ಮುಂಚಿನ ಉಪವಾಸವನ್ನೂ ಕಡಿಮೆ ಮಾಡಿದೆ. 2018ರಲ್ಲೇ ಯುರೋಪಿನ ಮಕ್ಕಳ ಅರಿವಳಿಕೆ ಸಂಘಗಳು ಒಂದು ಗಂಟೆ ಮುಂಚಿನವರೆಗೂ ತಿಳಿನೀರು ಕೊಡಬಹುದು ಅಂದಿದ್ದವು. ಕೇಜಿಗೆ 3 ಎಂ.ಎಲ್. ನಮ್ಮ ಸರ್ಜನ್ ಕೇಳಿ ಗದರಿದರು: "ಟೇಬಲ್ ಮೇಲೆ ವಾಂತಿ ಆದ್ರೆ ನೀವೇ ಜವಾಬ್ದಾರಿ ಕಣ್ರೀ!"

ಮೊದಲ ವಾರವೇ ಎಡವಟ್ಟು. ಒಬ್ಬರು ಅಜ್ಜಿ, "ಬರೀ ನೀರು ಹೆಂಗೆ ಕೊಡೋದು ಸಾರ್" ಅಂತ ಬಿಸ್ಕತ್ತು ಅದ್ದಿ ತಿನ್ನಿಸಿದ್ದರು. ಕೇಸ್ ಮುಂದಕ್ಕೆ ಹೋಯಿತು, ನನ್ನ ಫೀಸೂ ಹೋಯಿತು. ಈಗ ಗುರುತು ಹಾಕಿದ ಲೋಟದಲ್ಲಿ ಸಿಸ್ಟರ್ರೇ ಕುಡಿಸುತ್ತಾರೆ. ಅಜ್ಜಿಯರನ್ನು ಒಪ್ಪಿಸಲು ಒಂದು ಉಪಾಯ ಇದೆ, ಅದನ್ನು ಸದ್ಯ ಹೇಳಲ್ಲ.

ಥಿಯೇಟರಿನಲ್ಲಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್, ಸಕ್ಕರೆ ಇಲ್ಲದ ಉಪ್ಪಿನ ಡ್ರಿಪ್), ಕೇಜಿಗೆ 10 ಎಂ.ಎಲ್. ಬ್ಯುರೆಟ್‌ಗೆ ಅಷ್ಟೇ ತುಂಬುವುದು, ಮೇಲಿನ ಕ್ಲಾಂಪ್ ಮುಚ್ಚುವುದು. ಮರೆತರೂ ಹೋಗುವುದು ಅಷ್ಟೇ ತಾನೇ? ಚೆನ್ನಾಗಿ ನೀರು ಕುಡಿದ ದೊಡ್ಡ ಮಗುವಿನ ಇಪ್ಪತ್ತು ನಿಮಿಷದ ಸುನ್ನತಿಗೆ ಡ್ರಿಪ್ಪೇ ಇಲ್ಲ, ನರಕ್ಕೆ ಹಾಕುವ ಕ್ಯಾನುಲಾ ಮಾತ್ರ. ವರ್ಷ ತುಂಬದವರಿಗೆ ಮತ್ತು ಆಪರೇಷನ್ ಲಿಸ್ಟ್ ತಡವಾಗಿ ಹಸಿದವರಿಗೆ 500 ಎಂ.ಎಲ್. ಆರ್‌ಎಲ್‌ನಿಂದ 20 ಎಂ.ಎಲ್. ತೆಗೆದು, 25% ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) 20 ಎಂ.ಎಲ್. ಸೇರಿಸುತ್ತೇನೆ. ಸಕ್ಕರೆ 1% ಆಯಿತು. ಬಾಟಲಿಗೆ ಚೀಟಿ ಅಂಟಿಸಲೇಬೇಕು. ನಾನು ಒಮ್ಮೆ ಮರೆತು, ಸೇರಿಸಿದ್ದೇನೋ ಇಲ್ಲವೋ ಅನುಮಾನ ಬಂದು ಇಡೀ ಬಾಟಲಿ ಚೆಲ್ಲಿದ್ದೇನೆ.

ನಡುವೆ ನೀರಿನ ಬದಲು ಎಳನೀರು ಕುಡಿಸಿಯೂ ನೋಡಿದೆ. ಗಂಜಿಯ ಚೂರು ತೇಲುತ್ತಿತ್ತು, ಸೋಸುವ ತಲೆನೋವು. ಬೆಲ್ಲದ ನೀರಿಗೆ ಮಕ್ಕಳು ಖುಷಿ, ಆದರೆ ವಾರ್ಡಿನ ತುಂಬ ಇರುವೆ. ಕೊನೆಗೆ ಸುಮ್ನೆ ಸಕ್ಕರೆ ನೀರಿಗೆ ಬಂದೆ.

ಇನ್ನೂರರ ಹತ್ತಿರ ಮಕ್ಕಳಾಗಿರಬೇಕು. ಸಕ್ಕರೆ 60ಕ್ಕಿಂತ ಕೆಳಗಿಳಿದದ್ದು ಎರಡೇ ಸಲ, ಎರಡೂ ಕೂಸುಗಳು, ಎರಡೂ ದಿನ ಲಿಸ್ಟ್ ಮಧ್ಯಾಹ್ನಕ್ಕೆ ಜಾರಿತ್ತು. ಟೇಬಲ್ ಮೇಲೆ ವಾಂತಿ ಒಂದೂ ಇಲ್ಲ. ಅಪೆಂಡಿಕ್ಸ್, ಹೊಟ್ಟೆ ಉಬ್ಬರ, ನವಜಾತ ಶಿಶುಗಳಿಗೆ ಈ ಆಟ ಆಡಲ್ಲ, ಅವರ ಲೆಕ್ಕ ಬೇರೆ.

ಮಕ್ಕಳು ಸಂಜೆಗೇ ಮನೆಗೆ ಹೋಗುತ್ತಾರೆ. ಬೆಡ್ ಚಾರ್ಜ್ ತಪ್ಪಿತು ಅಂತ ಒಬ್ಬ ಓನರ್ ಗೊಣಗಿದ್ದೂ ಉಂಟು. ಬ್ಯುರೆಟ್ ಸೆಟ್ಟನ್ನು ಬಿಲ್ಲಿಗೆ ಸೇರಿಸಲು ಕೆಲವರು ಇನ್ನೂ ಒಪ್ಪಿಲ್ಲ. ನನ್ನ ಬ್ಯಾಗಿನಲ್ಲಿ ಯಾವಾಗಲೂ ನಾಲ್ಕೈದು ಇಟ್ಟುಕೊಂಡಿರುತ್ತೇನೆ.