ಆಶ್ ಮರ ಕಡಿಯೋದಾ, ಬಿಡೋದಾ?

ನಮ್ಮ ಕಾಡಿನಲ್ಲಿ ಮೊದಲು ಸುಳಿವು ಕೊಟ್ಟಿದ್ದು ಮರಕುಟಿಗ. ಚಳಿಗಾಲದಲ್ಲಿ ಎರಡು ಆಶ್ ಮರಗಳ ಮೇಲ್ಭಾಗದ ತೊಗಟೆ ಕುಕ್ಕಿ ಕುಕ್ಕಿ ಬಿಳಚಿಕೊಂಡಿತ್ತು. ಬಿದ್ದ ಕೊಂಬೆಯೊಂದರ ತೊಗಟೆ ಎಬ್ಬಿಸಿ ನೋಡಿದೆ. ಒಳಗೆ ಹಾವು ಹರಿದಂತೆ ಅಂಕುಡೊಂಕು ಸುರಂಗ. ಹೊರಗೆ ಇಂಗ್ಲಿಷಿನ ಡಿ ಅಕ್ಷರದಂಥ ತೂತು, 3-4 ಮಿಲಿಮೀಟರ್ ಇರಬಹುದು. ಎಮರಾಲ್ಡ್ ಆಶ್ ಬೋರರ್ ಎಂಬ ದುಂಬಿ ಬಂದಾಗಿತ್ತು. ಇದರ ಮರಿಹುಳು ತೊಗಟೆಯ ಕೆಳಗೆ ಕೊರೆದು ತಿಂದು ಆಶ್ ಮರವನ್ನೇ ಸಾಯಿಸುತ್ತದೆ. ಪೂರ್ವ ಏಷ್ಯಾದ ಈ ಹಸಿರು ದುಂಬಿ ಅಮೆರಿಕದಲ್ಲಿ ಪತ್ತೆಯಾಗಿದ್ದು 2002ರಲ್ಲಿ, ಡೆಟ್ರಾಯಿಟ್ ಹತ್ತಿರ. ಆಮೇಲೆ ಜನ ಸಾಗಿಸಿದ ಸೌದೆಯ ಜೊತೆ ದೂರ ದೂರಕ್ಕೆ ಹೋಯಿತು.

ನಾಟಾ ಕೊಳ್ಳುವವರೊಬ್ಬರು ಬಂದು, "ಈಗಲೇ ಕೊಟ್ಟುಬಿಡಿ, ಆಮೇಲೆ ಸೌದೆಗೂ ಬರಲ್ಲ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ನಾನು ಎಲ್ಲ ಕಡಿಸಿದರೂ ಹುಳು ನಿಲ್ಲುವುದಿಲ್ಲ, ಪಕ್ಕದ ಕಾಡಿನಲ್ಲೂ ಅದು ಇದೆ ಅಲ್ವಾ? ಹೆದರಿ ಮಾರುವುದು ಬೇಡ ಅಂತ ಎರಡು ದಿನ ಟೇಪು, ಬಣ್ಣ ಹಿಡಿದು ಮರ ಎಣಿಸಿದೆ.

ಐದು ಮರಕ್ಕೆ ಒಂದು ಆಶ್. ಉಳಿದದ್ದು ಮೇಪಲ್, ಓಕ್. ಆಶ್ ಪೂರ್ತಿ ಸತ್ತರೂ ಕಾಡು ಕಾಡಾಗೇ ಉಳಿಯುತ್ತದೆ. ಇದು ಗೊತ್ತಾದ ಮೇಲೆ ತಲೆ ತಣ್ಣಗಾಯಿತು. ದಪ್ಪಗೆ, ನೇರವಾಗಿ ಬೆಳೆದವಕ್ಕೂ ಕಾಲುದಾರಿ ಪಕ್ಕದವಕ್ಕೂ ಕಡಿಯಲೆಂದು ಗುರುತು ಹಾಕಿದೆ. ತೆಳ್ಳಗಿನವನ್ನು ಮುಟ್ಟಲಿಲ್ಲ, ಕಡಿದ ಕೂಲಿಯೂ ಹುಟ್ಟುವುದಿಲ್ಲ. ತಲೆ ಇನ್ನೂ ದಟ್ಟವಾಗಿದ್ದ ಕೆಲವನ್ನು ಬೇಕೆಂದೇ ಬಿಟ್ಟೆ. ಎಲ್ಲೋ ಒಂದೊಂದು ಆಶ್ ಈ ಹುಳುವನ್ನು ತಡೆದುಕೊಳ್ಳುತ್ತದೆ, ಅದರ ಬೀಜ ಬೇಕು. ಮನೆ ಮುಂದಿನ ಒಂದೇ ಮರಕ್ಕೆ ಎಮಾಮೆಕ್ಟಿನ್ ಬೆಂಜೋಯೇಟ್ ಎಂಬ ಕೀಟನಾಶಕ ಚುಚ್ಚಿಸಿದೆ. ಎರಡು ವರ್ಷಕ್ಕೊಮ್ಮೆ ಚುಚ್ಚಿಸಬೇಕು, ಕಾಡಿಗೆಲ್ಲ ಅದು ಆಗದ ಮಾತು.

ತಲೆ ಕೆಡಿಸಿದ್ದು ಜವುಗು ಜಾಗ. ಅಲ್ಲಿ ಬರೀ ಆಶ್. ನೀರು ಹೀರುವ ಮರಗಳು ಒಟ್ಟಿಗೆ ಹೋದರೆ ನೀರು ಮೇಲಕ್ಕೆ ಬಂದು, ಬೇರೆ ಸಸಿ ಏಳುವುದೇ ಕಷ್ಟ. ಅಲ್ಲಿ ಗರಗಸ ಇಳಿಸಲಿಲ್ಲ. ಮರಗಳು ನಿಂತಿರುವಾಗಲೇ ಅವುಗಳ ಕೆಳಗೆ ಒದ್ದೆ ನೆಲ ತಡೆಯುವ ಬೇರೆ ಜಾತಿಯ ಸಸಿ ನೆಟ್ಟೆ.

ಗುರುತು ಹಾಕಿದವನ್ನು ನೆಲ ಹೆಪ್ಪುಗಟ್ಟಿದಾಗ ಕಡಿಸಿದೆ. ಯಂತ್ರ ಓಡಾಡಿದರೂ ಮಣ್ಣು ಕಲಸುವುದಿಲ್ಲ, ದುಂಬಿ ಹಾರುವ ಕಾಲವೂ ಅಲ್ಲ.

ಒಂದು ಮೂಲೆಯನ್ನು ಮಾತ್ರ ಸುಮ್ನೆ ಮುಂದಕ್ಕೆ ಹಾಕಿದೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಮರಗಳು ಸತ್ತು ಒಣಗಿದ್ದವು. ಸತ್ತ ಆಶ್ ಬೇಗ ಪೆಡಸಾಗುತ್ತದೆ, ಗರಗಸ ಇಟ್ಟರೆ ಮೇಲಿನ ಕೊಂಬೆ ಮುರಿದು ತಲೆ ಮೇಲೇ ಬೀಳಬಹುದು. ಕಡಿಯುವವರು ಒಮ್ಮೆ ಮೇಲೆ ನೋಡಿ, ಆಗಲ್ಲ ಅಂದರು. ಗಾಳಿ ಇದ್ದ ದಿನ ಆ ಕಡೆ ಈಗ ನಾನೂ ಹೋಗುವುದಿಲ್ಲ.